ಕಾಟೇಜಿಗೆ ಕಟ್ಟಿಟ್ಟ ಸಾರಿನ ಪುಡಿ

ಗೋದಾ,

ಇಂಗ್ಲೆಂಡಿನ ಹಳ್ಳಿಯಲ್ಲಿ ನಾನು ಬುಕ್ ಮಾಡಿದ್ದೆನಲ್ಲ, ನಾವೇ ಅಡುಗೆ ಮಾಡಿಕೊಳ್ಳೋ ಕಾಟೇಜು, ಅದರ ಒಡತಿ ಇವತ್ತು ಮೇಲ್ ಕಳಿಸಿದ್ದಾಳೆ. ಇಬ್ಬರೂ ಶನಿವಾರ ಎಷ್ಟು ಹೊತ್ತಿಗೆ ಬರ್ತೀರಿ ಅಂತ ಕೇಳಿದ್ದಾಳೆ. ನಿನ್ನ ವೈಕುಂಠ ಸಮಾರಾಧನೆ ಮುಗಿದು ತಿಂಗಳಾದರೂ ನಾನದನ್ನು ಕ್ಯಾನ್ಸಲ್ ಮಾಡಿಲ್ಲ.

ಬುಕ್ ಮಾಡಿದ ದಿನ ನೀನು, ‘ರೀ, ರಜೆಯಲ್ಲೂ ನಾನೇ ಬೇಯಿಸಬೇಕಾ? ಸ್ಟವ್ ಮುಂದೆ ನಿಲ್ಲೋಕೇ ಆಗ್ತಿಲ್ಲ’ ಅಂದೆ. ‘ಒಂದು ಸಾರು ಮಾಡೋಕೂ ಇಷ್ಟು ಗೋಳಾ?’ ಅಂತ ನಾನು ರೇಗಿದೆ.

ನಮ್ಮೂರು ಫ್ಲವರ್ ಮೌಂಡಿನ ಈ ಮನೆಯಲ್ಲಿ ನೀನು ಆಗಲೇ ಪ್ಯಾಕ್ ಮಾಡಿಟ್ಟಿದ್ದ ಸೂಟ್‌ಕೇಸನ್ನು ಈಗ ತೆಗೆದೆ. ಏಳು ದಿನಕ್ಕೆ ಸಾರಿನ ಪುಡಿಯ ಏಳು ಪೊಟ್ಟಣ. ಒಂದೊಂದರ ಮೇಲೂ ನಿನ್ನ ಅಕ್ಷರ: ‘ರೀ, ಬೇಳೆ ಒಂದು ಹಿಡಿ, ನೀರು ಎರಡು ಲೋಟ. ಸ್ಟವ್ ಆಫ್ ಮಾಡೋದು ಮರೀಬೇಡಿ.’

ಏಳರಲ್ಲೂ ಒಬ್ಬರಿಗಾಗುವಷ್ಟೇ ಇದೆ.