ಬಾಟಲಿಗೆ ಜವಾರಿ ತತ್ತಿ

ಕಲಘಟಗಿ, 14-8-84

ಅಕ್ಕಾ,

ಈ ಆಸ್ಪತ್ರೆಯ ಲ್ಯಾಬಿಗೆ ಬಂದು ತಿಂಗಳಾಯಿತು, ಮನಸ್ಸು ಮಾತ್ರ ನಿಲ್ಲುತ್ತಿಲ್ಲ. ಸಾವಕ್ಕ ಎಂಬಾಕೆಯ ಮಗಳಿಗೆ ಬೆನ್ನುಮೂಳೆಯ ಕ್ಷಯವೆಂದು ಅನುಮಾನ. ಬಾವಿನ ಕೀವನ್ನು ಗಾಜಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಗಂಟೆಯೊಳಗೆ ಮುಗಿಯಿತು, ಏನೂ ಕಾಣಲಿಲ್ಲ. ಮೂಳೆಯ ಕ್ಷಯದಲ್ಲಿ ರೋಗಾಣು ಕಡಿಮೆ, ಅದನ್ನೇ ನಂಬುವಂತಿಲ್ಲ. ಇನ್ನೊಂದು ಪರೀಕ್ಷೆಗೆ ಮೊಟ್ಟೆಯಿಂದ ಮಾಡಿದ ಹಸಿರು ಪಾಕದ ಬಾಟಲಿಯಲ್ಲಿ ಅವನ್ನು ಬೆಳೆಸಬೇಕು. ಅದಕ್ಕೆ ಆರೆಂಟು ವಾರ. ಬೆಳೆದ ಮೇಲೆಯೇ ಔಷಧ ಎಂದಿದ್ದಾರೆ ಡಾಕ್ಟರು.

ಇದನ್ನು ಸಾವಕ್ಕನಿಗೆ ಹೇಳಿದ್ದೇ ತಪ್ಪಾಯಿತು. ದಿನಾ ಎರಡು ಮೊಟ್ಟೆ ಹಿಡಿದು ಬರುತ್ತಾಳೆ. “ಅಂಗಡಿ ತತ್ತಿ ಹಾಕೀರಿ, ಅದಕ್ಕ ತಡ ಆಗೇತಿ. ನಮ್ಮ ಮನಿ ಜವಾರಿ ತತ್ತಿ ಹಾಕ್ರಿ ಬಾಯಾರ, ಲಗೂನ ಬೆಳೀತಾವ.” ನಾನು ಬೇಯಿಸಿ ಅವಳ ಮಗಳಿಗೇ ತಿನ್ನಿಸುತ್ತೇನೆ.

ಮಳೆ ಬಿಟ್ಟಿಲ್ಲ. ನನ್ನ ನೆಗಡಿ ವಾಸಿ, ಆದರೂ ಸ್ವೆಟರ್ ಕಳಿಸು.

ಕೀವನ್ನು ಬಾಟಲಿಗೆ ಹಾಕಿ ಇಂದಿಗೆ ಇಪ್ಪತ್ತು ದಿನ, ಏನೂ ಬೆಳೆದಿಲ್ಲ, ಬರೀ ಹಸಿರು. ಬೆಳಿಗ್ಗೆ ಹುಡುಗಿಯ ಕಾಲಿಂದ ಚಪ್ಪಲಿ ಕಳಚಿತು, ಅವಳಿಗೆ ಗೊತ್ತೇ ಆಗಲಿಲ್ಲ. ಬೆನ್ನಿನ ಬಾವು ನರವನ್ನು ಒತ್ತಿದರೆ ಕಾಲಿನ ಸ್ಪರ್ಶ ಹೀಗೆ ಹೋಗುತ್ತದೆ, ಆಮೇಲೆ ಕಾಲೇ ಬಿದ್ದುಹೋಗಬಹುದು. ಇನ್ನು ಕಾಯಬೇಡಿ, ಔಷಧ ಶುರು ಮಾಡಿ ಎನ್ನಲು ಡಾಕ್ಟರ ಮನೆಗೆ ಹೊರಟಿದ್ದೇನೆ. ಸಾವಕ್ಕ ಬಾಗಿಲಲ್ಲಿ ನಿಂತಿದ್ದಾಳೆ. ಇವತ್ತು ನಾಲ್ಕು ತಂದಿದ್ದಾಳೆ.

ವಿಮಲ