ಹಡಗಿನಲ್ಲಿ ಕೂಗಬೇಕಾದ ಹೆಸರು

ರೀ,

ಮೊದಲ ಬಸ್ಸಿಗೆ ಬೆಳಗೊಳಕ್ಕೆ ಹೊರಟಿದ್ದೇನೆ. ಗಾಬರಿಯಾಗಬೇಡಿ, ಮಧ್ಯಾಹ್ನದೊಳಗೆ ಬರುತ್ತೇನೆ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ. ಬೊಂಬಾಯಿಯಲ್ಲಿ ಹತ್ತುವ ಹಡಗಿಗೆಂದು ಮಾಡಿದ ಚಕ್ಕುಲಿ ಡಬ್ಬಕ್ಕೆ ಕೈ ಹಾಕಬೇಡಿ. ಅಲ್ಲಿ ಊಟದ ಗಂಟೆ ಹೊಡೆಯುವುದೇ ಹೊತ್ತು ಮುಳುಗಿದ ಮೇಲಂತೆ. ಬಡಿಸುವವರು ಬಿಳಿ ಕೈಗವಸು ಹಾಕಿರುತ್ತಾರೆ ಎಂದು ನೀವು ಹಿಗ್ಗಿದಿರಿ. ನಾವು ಜೈನರು ಕತ್ತಲಾದ ಮೇಲೆ ಉಣ್ಣುವವರಲ್ಲ ಎಂಬುದು ನಿಮಗೆ ನೆನಪಾಗಲಿಲ್ಲ.

ಅದು ಹೇಗೋ ಆಗುತ್ತದೆ. ನನ್ನ ಭಯ ಬೇರೆ. ನಿನ್ನೆ ನಿಮ್ಮ ಸ್ನೇಹಿತ ಪದ್ಮಪ್ರಸಾದರು, "ಅತ್ತಿಗೆ, ಹಡಗು ವಾಲಿದ್ರೆ ದೀಪ ಎಲ್ಲಾ ಆರೋಗ್ತವೆ. ಇವನ ಹೆಸ್ರು ಹಿಡ್ದು ಕೂಗ್ಬೇಕು, ಅಷ್ಟೆಯ" ಅಂದರಲ್ಲ. ನೀವೂ ಅವರ ಜೊತೆ ನಕ್ಕಿರಿ. ಆಗಿನಿಂದ ಕಣ್ಣು ಮುಚ್ಚಿದರೆ ನೀರೇ ಕಾಣುತ್ತದೆ.

ಮದುವೆಯಾದ ಮೇಲೆ ನಿಮ್ಮ ಹೆಸರು ನನ್ನ ಬಾಯಲ್ಲಿ ಒಂದು ಸಲವೂ ಬಂದಿಲ್ಲ. ಅಷ್ಟು ಜನರ ನಡುವೆ, ಕತ್ತಲಲ್ಲಿ, "ರೀ" ಎಂದು ಕೂಗಿದರೆ ಯಾರ ಗಂಡ ತಿರುಗಿ ನೋಡಬೇಕು? ಒಲೆಯ ಮುಂದೆ ಕೂತು ಹೇಳಿ ನೋಡಿದೆ, ಮೊದಲ ಅಕ್ಷರ ದಾಟಲಿಲ್ಲ. ಈ ಚೀಟಿಯಲ್ಲಾದರೂ ಬರೆಯೋಣ ಎಂದುಕೊಂಡೆ, ಅದಕ್ಕೂ ಕೈ ಬರಲಿಲ್ಲ.

ಬೆಳಗೊಳದ ಚಿಕ್ಕಬೆಟ್ಟದ ಮೇಲೆ ಇಷ್ಟು ಬೆಳಿಗ್ಗೆ ಯಾರೂ ಇರುವುದಿಲ್ಲ. ಅಲ್ಲಿ ನಿಂತು ಗಟ್ಟಿಯಾಗಿ ಕೂಗಿ ನೋಡುತ್ತೇನೆ.

ನಾನು ನಿಮ್ಮ ಹೆಸರು ಕೂಗಿಕೊಂಡು ಒಳಗೆ ಬಂದರೆ ಟ್ರಂಕಿಗೆ ಬೀಗ ಹಾಕಿ, ಬೊಂಬಾಯಿಗೆ ಹೊರಡೋಣ. "ರೀ" ಎಂದೇ ಬಂದರೆ ಟಿಕೆಟ್ ವಾಪಸ್ ಕೊಟ್ಟುಬಿಡಿ. ಕಾರಣ ಯಾರಿಗೂ ಹೇಳಬೇಡಿ.

ರಾಜೀಮತಿ