ಮಹಡಿಯ ಮೇಲಿನ ನಡಿಗೆ

ಗುರುವಾರ, ಮಧ್ಯಾಹ್ನ
ಕೆಳಗಿನ ಅಂಗಡಿಯಿಂದ

ಮಹಡಿಯವರಿಗೆ,

ಹೀಗೆ ಕರೆದರೆ ಬಾಡಿಗೆದಾರರಿಗೆ ಬರೆದ ಹಾಗಿದೆ, ಗೊತ್ತು. ‘ನಮ್ಮ ಮನೆಯವರಿಗೆ’ ಎಂದು ಬರೆಯಲು ಎರಡು ಸಲ ಪೆನ್ನು ಎತ್ತಿದೆ, ಕೈ ಬರಲಿಲ್ಲ. ಮೆಟ್ಟಿಲು ಹತ್ತಿ ಬಂದು ಹೇಳುವ ಮಾತಿಗೆ ಇವಳಿಗೆ ಕಾಗದ ಬೇರೆ ಕೇಡು ಎಂದು ನೀವು ಗೊಣಗುತ್ತೀರಿ. ಗೊಣಗಿ. ಎದುರಿಗೆ ನಿಂತರೆ ನನಗೆ ಕೋಪ ಮೊದಲು ಬರುತ್ತದೆ, ವಿಷಯ ಆಮೇಲೆ. ಕಾಗದದಲ್ಲಾದರೆ ನಾನು ಮುಗಿಸುವವರೆಗೂ ನೀವು ಮಧ್ಯೆ ಬಾಯಿ ಹಾಕುವಂತಿಲ್ಲ.

ವಿಷಯ ಇಷ್ಟು. ನನ್ನ ಎದೆಬಡಿತ ತಾಳ ತಪ್ಪಿದೆ. ಹೋದ ತಿಂಗಳು ದೊಡ್ಡ ಗಾಜು ಎತ್ತುವಾಗ ಎದೆಯೊಳಗೆ ಪಟಪಟ ಶುರುವಾಯಿತು, ಕಣ್ಣು ಕತ್ತಲಿಟ್ಟಿತು. ಗಾಜನ್ನು ಮೇಜಿನ ಮೇಲೆ ಹುಷಾರಾಗಿ ಮಲಗಿಸಿ, ಆಮೇಲೆ ನಾನು ಕುಸಿದೆ. ನೋಡಿ, ಬೀಳುವಾಗಲೂ ಇವಳಿಗೆ ಅಂಗಡಿಯೇ ಮುಂದು ಎಂದು ನೀವು ಈಗ ಹೇಳಿಯೇ ಹೇಳುತ್ತೀರಿ. ಪಕ್ಕದ ಔಷಧಿ ಅಂಗಡಿಯವಳು ಬಂದು ಎಬ್ಬಿಸಿ, ಗಾಡಿ ಹತ್ತಿಸಿ, ತನ್ನ ಕೌಂಟರಿಗೆ ಓಡಿದಳು. ಪಾಪ, ಅವಳಿಗೂ ಗಿರಾಕಿಗಳಿದ್ದರು.

ಆಸ್ಪತ್ರೆಯಲ್ಲಿ ಮೈಗೆಲ್ಲ ತಂತಿ ಅಂಟಿಸಿ ಗೆರೆ ತೆಗೆದು ನೋಡಿದರು. ಏಟ್ರಿಯಲ್ ಫಿಬ್ರಿಲೇಶನ್ ಅಂತೆ. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಬಡಿಯುವ ಬದಲು ಸುಮ್ಮನೆ ನಡುಗುತ್ತವಂತೆ, ಕೆಳಗಿನ ಕೋಣೆಗಳು ಹೇಗೆಂದರೆ ಹಾಗೆ ಬಡಿಯುತ್ತವಂತೆ. ಅಂದರೆ ಮೇಲಿನವರಿಗೂ ಕೆಳಗಿನವರಿಗೂ ಮಾತುಕತೆ ಇಲ್ಲ ಅನ್ನಿ, ಎಂದೆ. ಡಾಕ್ಟರಮ್ಮ ನಕ್ಕರು. ಅವರಿಗೆ ನಮ್ಮ ಮನೆ ಗೊತ್ತಿಲ್ಲವಲ್ಲ.

ಹಾಗೆ ನಡುಗುವ ಕಡೆ ರಕ್ತ ಹೆಪ್ಪುಗಟ್ಟಿ ತಲೆಗೆ ಹೋದರೆ ಪಾರ್ಶ್ವವಾಯು. ಅದಕ್ಕೆ ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಶುರುಮಾಡಿದ್ದಾರೆ. ಮುಂದೆ ಯಾವ ಚಿಕಿತ್ಸೆ ಹಿಡಿದರೂ ಸದ್ಯಕ್ಕೆ ಈ ಮಾತ್ರೆ ತಪ್ಪುವುದಿಲ್ಲ. ಗಾಜು ಕೊಯ್ದು ಫ್ರೇಮ್ ಹಾಕುವವಳಿಗೆ ಎಂಥ ಮಾತ್ರೆ ನೋಡಿ! ಮೊನ್ನೆ ಒಂದು ಮದುವೆ ಫೋಟೋ ಕೂರಿಸುವಾಗ ಬೆರಳಿಗೆ ಗೀರು ಬಿತ್ತು. ಮೊದಲಾಗಿದ್ದರೆ ಬಾಯಲ್ಲಿಟ್ಟು ಚೀಪಿದರೆ ಮುಗಿಯುತ್ತಿತ್ತು. ಈ ಸಲ ನಿಲ್ಲಲೇ ಇಲ್ಲ, ಫೋಟೋ ಸುತ್ತಲಿನ ಬಿಳಿ ರಟ್ಟೆಲ್ಲ ಕೆಂಪಾಯಿತು, ಬೇರೆ ಕೊಯ್ಯಬೇಕಾಯಿತು. ಈಗ ದಪ್ಪ ಕೈಗವಸು ಹಾಕಿಕೊಂಡು ಕೆಲಸ. ಅದರಲ್ಲಿ ಸಣ್ಣ ಮೊಳೆ ಹಿಡಿಯಲು ಆಗುವುದಿಲ್ಲ, ಬೈಗುಳ ಮಾತ್ರ ಸರಾಗವಾಗಿ ಬರುತ್ತದೆ.

ಉಳಿದದ್ದನ್ನು ನನ್ನ ಇಷ್ಟಕ್ಕೆ ಬಿಟ್ಟಿದ್ದಾರೆ. ವೇಗ ತಗ್ಗಿಸುವ ಮಾತ್ರೆ ನುಂಗಿಕೊಂಡು, ತಾಳ ತಪ್ಪಿದ ಎದೆಯ ಜೊತೆಗೇ ಹೊಂದಿಕೊಂಡು ಹೋಗಬಹುದು. ಇಲ್ಲ, ಮಂಪರು ಬರಿಸಿ ಕರೆಂಟಿನ ಒಂದು ಏಟು ಕೊಟ್ಟು ಸರಿಮಾಡಬಹುದು, ಆದರೆ ಮತ್ತೆ ಕೆಡುವ ಸಂಭವವಿದೆ. ಅದೂ ಬೇಡವಾದರೆ ಅಬ್ಲೇಶನ್: ತೊಡೆಸಂದಿಯ ರಕ್ತನಾಳದಿಂದ ಸಣ್ಣ ತಂತಿಯನ್ನು ಎದೆಯವರೆಗೂ ಕಳಿಸಿ, ತಂಟೆ ಮಾಡುವ ಜಾಗವನ್ನು ಸುಡುವುದು. ಅದಕ್ಕೂ ಗ್ಯಾರಂಟಿ ಇಲ್ಲ, ಸ್ವಲ್ಪ ಅಪಾಯವೂ ಉಂಟು, ಕೆಲವರಿಗೆ ಎರಡನೇ ಸಲ ಮಾಡಬೇಕಾಗುತ್ತದಂತೆ. ಆದರೂ ಮಾತ್ರೆಯಿಂದ ನನ್ನ ಸುಸ್ತು ಇಳಿಯದಿರುವುದನ್ನು ನೋಡಿ, ನಿಮಗೆ ಇದೇ ಒಳ್ಳೆಯದೇನೋ, ಯೋಚಿಸಿ ಸೋಮವಾರ ಹೇಳಿ ಎಂದಿದ್ದಾರೆ ಡಾಕ್ಟರಮ್ಮ.

ನಾನು ಯೋಚಿಸಿಯಾಯಿತು. ಮಾತ್ರೆಯೇ ಸಾಕು. ಶಾಲೆಯವರ ದೊಡ್ಡ ಆರ್ಡರ್ ಇದೆ, ಅಂಗಡಿ ಮುಚ್ಚಿ ಮಲಗುವ ಹಾಗಿಲ್ಲ.

ಮತ್ತೆ ನಿಮಗೇಕೆ ಬರೆದೆ ಎಂದರೆ, ಒಂದು ಸಣ್ಣ ಉಪಕಾರಕ್ಕೆ. ಬೆಳಗ್ಗೆ ನನ್ನ ಶಟರ್ ಎತ್ತುವ ಸದ್ದು ಕೇಳದಿದ್ದರೆ ಕೆಳಗಿಳಿದು ಬಂದು ನೋಡಿ. ಬಾಯಿ ಸೊಟ್ಟಗಾಗಿದ್ದರೆ, ಮಾತು ತೊದಲುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಫೋನ್ ಮಾಡಬೇಕಂತೆ. ಅಷ್ಟು ಮಾಡಿದರೆ ಸಾಕು. ಮಾತಾಡಿಸಬೇಕು ಅಂತೇನೂ ಇಲ್ಲ.

ನೀವು ಬಸ್ಸಿನ ಸ್ಟಿಯರಿಂಗ್ ಬಿಟ್ಟು ನಿವೃತ್ತಿಯಾದ ದಿನದ್ದನ್ನು ಈಗ ಕೆದಕುವುದಿಲ್ಲ. ಬೀಳ್ಕೊಡುಗೆಗೆ ನಾನು ಬರುವಷ್ಟರಲ್ಲಿ ಕುರ್ಚಿ ಮಡಚಿ ಕಸ ಗುಡಿಸುತ್ತಿದ್ದರು, ನಿಜ. ಆದರೆ ‘ನಾನು ಕಟ್ಟಿಕೊಂಡದ್ದು ಹೆಂಡತಿಯನ್ನಲ್ಲ, ಅಂಗಡಿಯನ್ನು’ ಎಂದು ನೀವು ಬಾಗಿಲಲ್ಲಿ ಇನ್ನೂ ನಿಂತಿದ್ದ ಅಷ್ಟು ಜನರ ಮುಂದೆ ಹೇಳಬೇಕಿತ್ತೇ? ಎರಡು ದಿನದ ಮಟ್ಟಿಗೆ ಎಂದು ಹಾಸಿಗೆ ಸುತ್ತಿಕೊಂಡು ಮೇಲೆ ಹೋದವರು, ನಿಮ್ಮ ಎರಡು ದಿನ ಇನ್ನೂ ಮುಗಿದಿಲ್ಲ. ನೀವು ಹಿಂದಿನ ಮೆಟ್ಟಿಲಲ್ಲಿ ಓಡಾಡುತ್ತೀರಿ, ನಾನು ಮುಂದಿನ ಬಾಗಿಲಲ್ಲಿ. ಎಂಥ ಸಂಸಾರ ನಮ್ಮದು!

ಆಗಿನ್ನೂ ನಿಮ್ಮ ಹೆಜ್ಜೆಯಾದರೂ ಕೇಳುತ್ತಿತ್ತು. ಮಂಡಿನೋವಿನ ಕಾಲು ಧಡ್, ಇನ್ನೊಂದು ಟಪ್. ಅಡುಗೆಮನೆಯಿಂದ ಕಿಟಕಿಗೆ ಧಡ್-ಟಪ್, ಧಡ್-ಟಪ್. ಒಂದು ದಿನ ತಲೆನೋವಿಗೆ ರೇಗಿಹೋಗಿ ಪೊರಕೆಯ ಹಿಡಿಯಿಂದ ಸೂರು ಕುಟ್ಟಿದೆ. ಮಾರನೆಯ ದಿನದಿಂದ ನಿಮ್ಮ ಸದ್ದೇ ಅಡಗಿತು. ಒಂದು ಸಲ ಕುಟ್ಟಿದ್ದಕ್ಕೆ ಇಷ್ಟು ದೊಡ್ಡ ಹಟವೇ ಎಂದು ನಾನೂ ಸುಮ್ಮನಾದೆ. ಈಗ ಎದೆ ಪಟಪಟ ಎಂದಾಗೆಲ್ಲ ಕೆಲಸ ಬಿಟ್ಟು ಸೂರು ನೋಡುತ್ತಾ ಕೂರುತ್ತೇನೆ. ಈ ಮನೆಯಲ್ಲಿ ಇನ್ನೊಂದು ಜೀವ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ತುಂಬ ಭಯವಾಗುತ್ತದೆ ಕಣ್ರೀ. ಬರೆದುಬಿಟ್ಟೆ, ಇನ್ನು ಅಳಿಸುವುದಿಲ್ಲ.

ಹಾಂ, ಮರೆತೆ. ಹಿಂದಿನ ಮೆಟ್ಟಿಲ ಕೆಳಗೆ ಬುಟ್ಟಿಯಲ್ಲಿ ಹಾಕುವ, ಫ್ರೇಮಿನ ಬೆನ್ನಿಗೆ ಅಂಟಿಸಿ ಉಳಿದ ಮೆತ್ತನೆಯ ಹಸಿರು ಫೆಲ್ಟ್ ಬಟ್ಟೆಯ ತುಂಡುಗಳು ಆಗಾಗ ಮಾಯವಾಗುತ್ತಿವೆ. ಇಲಿ ಗೂಡು ಕಟ್ಟಿಕೊಳ್ಳುತ್ತಿರಬೇಕು. ಮೇಲೆ ನಿಮ್ಮ ಬಟ್ಟೆಬರೆ ಜೋಪಾನ.

ಇಂತಿ,
ಶಟರ್ ಎತ್ತುವವಳು

ಮತ್ತೆ ಸೇರಿಸಿದ್ದು: ಕಾಗದವನ್ನು ಬಾಗಿಲ ಸಂದಿಯಲ್ಲಿ ತೂರಿಸೋಣ ಎಂದು ಮೇಲೆ ಬಂದಿದ್ದೆ. ಒಳಗೆ ನಿಮ್ಮ ಗೊರಕೆ ಕೇಳುತ್ತಿತ್ತು. ಹೊಸ್ತಿಲ ಹೊರಗೆ, ನೀವು ಮನೆಯೊಳಗೆ ಹಾಕುವ ಚಪ್ಪಲಿಯನ್ನು ಬೋರಲು ಹಾಕಿ ಒಣಗಲು ಇಟ್ಟಿದ್ದಿರಿ. ಅಟ್ಟೆಗೆ ನನ್ನ ಹಸಿರು ಫೆಲ್ಟ್. ಅಂಚು ನೀಟಾಗಿ ಕತ್ತರಿಸಿ ಗೋಂದು ಹಾಕಿ ಅಂಟಿಸಿದ್ದೀರಿ, ಸವೆದದ್ದರ ಮೇಲೆ ಹೊಸದು. ನೋವಿನ ಕಾಲಿನದಕ್ಕೆ ಎರಡು ಪದರ ಜಾಸ್ತಿ. ಇಷ್ಟು ವರ್ಷ ನಾನು ಇಲಿಯನ್ನು ಬೈದದ್ದೇ ಬೈದದ್ದು. ನಿಮ್ಮ ಮೆಟ್ಟಿಲ ಮೇಲೇ ಕೂತು ಅತ್ತೆ. ಆಮೇಲೆ ಕಾಗದ ವಾಪಸ್ಸು ತಂದು ಇದನ್ನು ಬರೆಯುತ್ತಿದ್ದೇನೆ.

ಶಾಲೆಯವರ ಆರ್ಡರ್ ಸುಳ್ಳು. ಆ ಸುಡುವ ಚಿಕಿತ್ಸೆಯಾದ ಮೇಲೆ ಮನೆಗೆ ಕರೆದುಕೊಂಡು ಬರಲು, ಆಮೇಲೆ ಜೊತೆಗಿರಲು ಒಬ್ಬರು ಬೇಕಂತೆ. ನಿಮಗೆ ಯಾರಿದ್ದಾರೆ ಎಂದು ನರ್ಸ್ ಕೇಳಿದಳು. ಮಕ್ಕಳಿಲ್ಲ, ನನ್ನ ಅಕ್ಕನೂ ಹೋಗಿಯಾಯಿತು. ನಿಮ್ಮ ವಿಷಯ ಬಾಯಿಗೆ ಬಂತು, ಹೇಳುವ ಧೈರ್ಯ ಬರಲಿಲ್ಲ. ನೋಡಿ ಹೇಳುತ್ತೇನೆ ಎಂದು ಚೀಲ ಎತ್ತಿಕೊಂಡು ಬಂದುಬಿಟ್ಟೆ.

ಉತ್ತರ ಬರೆಯಬೇಡಿ. ನನ್ನ ಜೊತೆ ಬರುವುದಾದರೆ ಆ ಫೆಲ್ಟ್ ಕಿತ್ತು ಬಿಸಾಕಿ, ಅಡುಗೆಮನೆಯಿಂದ ಕಿಟಕಿಯವರೆಗೆ ಒಂದು ಸಲ ನಡೆಯಿರಿ. ನಾನು ಗಾಜು ಬದಿಗಿಟ್ಟು ಇಲ್ಲೇ ಕೂತಿರುತ್ತೇನೆ.